ವಿಯೆಟ್ನಾಂಗೆ ಹೋಗ್ತಿದ್ದೀರಾ? ಬಾನ್ ಮಿ ಒಳಗೆ ಏನು ಸವರುತ್ತಾರೆ ನೋಡಿ

ವಿಯೆಟ್ನಾಂಗೆ ಟಿಕೆಟ್ ಮಾಡಿಸಿರುವವರು ದಯವಿಟ್ಟು ಇದನ್ನು ಓದಿ, ಜೊತೆಗೆ ಬರುವವರಿಗೂ ಓದಿಸಿ. ಅಲ್ಲಿನ ಬೀದಿ ಬದಿಯ ತಿಂಡಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಚ್ಚರ ಬೇಕಾಗಿರುವುದು ಒಂದು ವಿಷಯದಲ್ಲಿ. ಗಾಡಿಗಳಲ್ಲಿ ಮಾರುವ ಬಾನ್ ಮಿ ಒಳಗೆ ಸವರುವ ಹಳದಿ ಮೇಯೋನೀಸ್ ಮತ್ತು ಕಂದು ಬಣ್ಣದ ಪಾತೇ, ಅಂದರೆ ಲಿವರ್ ಅರೆದು ಮಾಡಿದ ಪೇಸ್ಟ್. ಇದರಿಂದಲೇ ನನ್ನ ನಾದಿನಿ ಮಧ್ಯ ವಿಯೆಟ್ನಾಂನ ಹೋಯ್ ಆನ್‌ನಲ್ಲಿ ಹಾಸಿಗೆ ಹಿಡಿದು, ಹತ್ತಿರದ ಡಾ ನಾಂಗ್‌ನ ಆಸ್ಪತ್ರೆ ಸೇರಬೇಕಾಯಿತು.

ಬಾನ್ ಮಿ ಅಂದರೆ ಫ್ರೆಂಚರ ಆಳ್ವಿಕೆಯ ಕಾಲದಲ್ಲಿ ಅಲ್ಲಿಗೆ ಬಂದ ಉದ್ದನೆಯ ಗರಿಗರಿ ಬ್ರೆಡ್ಡು. ಅದನ್ನು ಸೀಳಿ, ಒಳಗೆ ಮೇಯೋನೀಸ್, ಪಾತೇ ಸವರಿ, ಮಾಂಸವನ್ನೋ ಮೊಟ್ಟೆಯನ್ನೋ ಇಡುತ್ತಾರೆ. ಮೇಲೆ ವಿನೆಗರ್‌ನಲ್ಲಿ ನೆನೆಸಿದ ಕ್ಯಾರೆಟ್, ಮೂಲಂಗಿ, ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ. ಬೆಲೆ 20,000ದಿಂದ 35,000 ಡಾಂಗ್, ನಮ್ಮ ಲೆಕ್ಕದಲ್ಲಿ ನೂರು ರೂಪಾಯಿ ಆಸುಪಾಸು. ರುಚಿಯ ಬಗ್ಗೆ ಎರಡು ಮಾತಿಲ್ಲ.

ನಾದಿನಿ ಮೊಟ್ಟೆ ತಿನ್ನುತ್ತಾಳೆ, ಮಾಂಸ ಮುಟ್ಟುವುದಿಲ್ಲ. ಅವತ್ತು ಮಧ್ಯಾಹ್ನ ಮೂರು ಗಂಟೆ ದಾಟಿತ್ತು, ಸುಡು ಬಿಸಿಲು. ಗಾಡಿಯಲ್ಲಿ ಮೊಟ್ಟೆಯ ಬಾನ್ ಮಿ ಕೇಳಿದಳು. ಮಾರುವ ಹೆಂಗಸು ಕಣ್ಣೆದುರೇ ಮೊಟ್ಟೆ ಒಡೆದು ಬಾಣಲೆಗೆ ಹಾಕಿದರು. ಬಿಸಿಬಿಸಿಯಾಗಿ ಮಾಡಿಕೊಡುತ್ತಿದ್ದಾರೆ ಅಂದರೆ ಯಾರಿಗಾದರೂ ಧೈರ್ಯ ಬರುತ್ತದೆ, ಅಲ್ವಾ? ಆದರೆ ತೊಂದರೆ ಇದ್ದದ್ದು ಬಾಣಲೆಯಲ್ಲಿ ಅಲ್ಲ, ಪಕ್ಕದಲ್ಲಿದ್ದ ಮೇಯೋನೀಸ್, ಪಾತೇ ಡಬ್ಬಿಗಳಲ್ಲಿ. ಮುಚ್ಚಳ ಇರಲಿಲ್ಲ, ಕೆಳಗೆ ಐಸ್ ಇರಲಿಲ್ಲ. ಎರಡೂ ಡಬ್ಬಿಗೆ ಒಂದೇ ಚಾಕು.

ರಾತ್ರಿ ಹೊಟ್ಟೆನೋವು ಶುರುವಾಯಿತು. ಬೆಳಗಿನ ಜಾವದ ಹೊತ್ತಿಗೆ ವಾಂತಿ, ಭೇದಿ, ಮೈ ಕೆಂಡದಂತೆ ಜ್ವರ. ಎದ್ದು ನಿಲ್ಲಲು ಹೋದರೆ ಕಣ್ಣು ಕತ್ತಲೆ. ಹೋಟೆಲಿನವರು ಪಾಪ, ಟ್ಯಾಕ್ಸಿ ಕರೆದು ತಾವೇ ಜೊತೆಗೆ ಬಂದರು. ಡ್ರಿಪ್ ಹಾಕಿದರು, ಮಲ ಪರೀಕ್ಷೆಗೆ ಕೊಟ್ಟರು. ವರದಿ ಬರುವಷ್ಟರಲ್ಲಿ ಅವಳು ಸುಧಾರಿಸಿಕೊಂಡಿದ್ದಳು. ವರದಿಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇತ್ತು. ನಾನೂ ನಮ್ಮ ಯಜಮಾನರೂ ಬಾನ್ ಮಿ ಮುಟ್ಟಿರಲಿಲ್ಲ. ಅದೇ ಬೀದಿಯಲ್ಲಿ ಬಿಸಿ ಸಾರು ಹಾಕಿದ ಮಿ ಕ್ವಾಂಗ್ ನೂಡಲ್ಸ್ ತಿಂದಿದ್ದೆವು. ನಮಗೆ ಏನೂ ಆಗಲಿಲ್ಲ.

ಆ ಹಳದಿ ಮೇಯೋನೀಸ್ ಬಹಳ ಕಡೆ ಅಂಗಡಿಯಿಂದ ತಂದ ಬಾಟಲಿಯದ್ದಲ್ಲ. ಹಸಿ ಮೊಟ್ಟೆಯ ಹಳದಿಗೆ ಎಣ್ಣೆ ಬಿಡುತ್ತಾ ಕಡೆದು ಕೈಯಲ್ಲೇ ಮಾಡಿದ್ದು. ಅದನ್ನು ಯಾವ ಹಂತದಲ್ಲೂ ಬೇಯಿಸುವುದಿಲ್ಲ. ಪಾತೇ ಸಾಮಾನ್ಯವಾಗಿ ಹಂದಿಯ ಲಿವರಿನಿಂದ ಮಾಡಿದ್ದು. ಅದು ಬೆಂದಿರುತ್ತದೆ ನಿಜ, ಆದರೆ ಆಮೇಲೆ ಗಂಟೆಗಟ್ಟಲೆ ಹೊರಗೇ ಇರುತ್ತದೆ. 32 ಡಿಗ್ರಿಗಿಂತ ಜಾಸ್ತಿ ಬಿಸಿಲಿದ್ದಾಗ ಇಂಥ ಪದಾರ್ಥವನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು ಅನ್ನುವುದು ಆಹಾರ ಸುರಕ್ಷತೆಯ ನಿಯಮ. ಬೆಳಿಗ್ಗೆ ಆರಕ್ಕೆ ತುಂಬಿದ ಡಬ್ಬಿಯಿಂದ ಮಧ್ಯಾಹ್ನ ಮೂರಕ್ಕೆ ಸವರಿದರೆ ಏನಾಗಬಹುದು, ನೀವೇ ಯೋಚಿಸಿ. ಕೆಟ್ಟಿದ್ದರೂ ವಾಸನೆ ಬರಬೇಕೆಂದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ.

ಇದು ನಮ್ಮ ಒಬ್ಬರ ಕಥೆಯಲ್ಲ. 2023ರ ಸೆಪ್ಟೆಂಬರಿನಲ್ಲಿ ಇದೇ ಹೋಯ್ ಆನ್‌ನಲ್ಲಿ ಬಾನ್ ಮಿ ತಿಂದು ನೂರಾರು ಜನ ಕಾಯಿಲೆ ಬಿದ್ದರು, ಅವರಲ್ಲಿ ವಿದೇಶಿ ಪ್ರವಾಸಿಗರೂ ಇದ್ದರು. 2024ರ ಮೇ ತಿಂಗಳಲ್ಲಿ ಡೋಂಗ್ ನಾಯ್ ಪ್ರಾಂತ್ಯದ ಲಾಂಗ್ ಖಾನ್‌ನಲ್ಲಿ ಒಂದೇ ಅಂಗಡಿಯ ಬಾನ್ ಮಿಯಿಂದ 500ಕ್ಕೂ ಹೆಚ್ಚು ಜನರಿಗೆ ಹೀಗಾಯಿತು. ಇವು ಯಾರೂ ಹೋಗದ ಮೂಲೆ ಅಂಗಡಿಗಳಲ್ಲ, ಗಿರಾಕಿಗಳು ಮುಗಿಬೀಳುತ್ತಿದ್ದ ಜಾಗಗಳು. ಹಾಗಾಗಿ "ಜನ ಜಾಸ್ತಿ ಇರುವ ಕಡೆ ತಿನ್ನಿ" ಅನ್ನುವ ಸಲಹೆಯೊಂದನ್ನೇ ನಂಬಬೇಡಿ.

ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಮಾಂಸ ಬೇಡ ಅಂದರೆ ಅವರು ಮಾಂಸದ ತುಂಡುಗಳನ್ನು ಬಿಡುತ್ತಾರೆ. ಪಾತೇ ಸವರುವುದು ಕೈಗೆ ರೂಢಿಯಾದ ಕೆಲಸ, ಅದು ಹಾಗೇ ನಡೆದುಬಿಡುತ್ತದೆ. ಮೋಸ ಮಾಡಬೇಕೆಂದಲ್ಲ. ಬ್ರೆಡ್ಡು ಸೀಳುವ ಮೊದಲೇ ಡಬ್ಬಿ ತೋರಿಸಿ, ಕೈ ಅಡ್ಡ ಆಡಿಸಿ ಬೇಡ ಅನ್ನಿ. ಎರಡೂ ಡಬ್ಬಿಗೆ ಹಾಗೇ ಹೇಳಿ. ಮೀನಿನ ಸಾಸ್ ಅಂತೂ ಬಹಳಷ್ಟು ತಿಂಡಿಗಳಲ್ಲಿ ಇರುತ್ತದೆ. ಅದೂ ಬೇಡ ಅನ್ನುವವರು 'ಚೈ' ಅಂತ ಬೋರ್ಡ್ ಹಾಕಿದ ಸಸ್ಯಾಹಾರಿ ಅಂಗಡಿ ಹುಡುಕಿ. ಊರೂರಲ್ಲಿ ಸಿಗುತ್ತವೆ. ಚಾಂದ್ರಮಾನದ ಒಂದನೇ ಮತ್ತು ಹದಿನೈದನೇ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ಸುಮಾರಿಗೆ, ಬೌದ್ಧರು ಅನೇಕರು ಮಾಂಸ ಬಿಡುವುದರಿಂದ ಇನ್ನೂ ಸುಲಭ.

ಹಾಗಾದರೆ ಏನು ತಿನ್ನಬಹುದು? ಮಾಂಸ ತಿನ್ನುವವರಾದರೆ ಕುದಿಯುವ ಸಾರು ಹಾಕಿಕೊಡುವ ಫೋ ನೂಡಲ್ಸ್ ತಿನ್ನಿ. ಕೇಳಿದ ಮೇಲೆ ಹುಯ್ಯುವ ಬಾನ್ ಸೇಯೊ, ನೋಡಲು ನಮ್ಮ ದೋಸೆಯ ಹಾಗೇ, ಅಕ್ಕಿ ಹಿಟ್ಟಿಗೆ ಅರಿಶಿನ ಹಾಕಿದ್ದು. ಹನೋಯಿಯಲ್ಲಾದರೆ ಮಾಂಸ ಕೆಂಡದ ಮೇಲೆ ಸುಟ್ಟುಕೊಡುವ ಬುನ್ ಚಾ. ಬಾನ್ ಮಿ ತಿನ್ನಲೇಬೇಕು ಅನ್ನಿಸಿದರೆ ಹೊಸದಾಗಿ ಹುರಿದ ಮೊಟ್ಟೆ, ತರಕಾರಿ, ಸೋಯಾ ಸಾಸ್, ಅಷ್ಟು ಹಾಕಿಸಿಕೊಳ್ಳಿ. ಬೆಳಿಗ್ಗೆ ಗಾಡಿ ತೆರೆದ ಹೊತ್ತಿಗೇ ಹೋಗಿ. ಕಟ್ಟಿಸಿಕೊಂಡು ಬಸ್ಸಿನಲ್ಲಿ ತಿನ್ನುವುದು ಮಾತ್ರ ಬೇಡ. ಮಕ್ಕಳು, ವಯಸ್ಸಾದವರು, ಬಸುರಿಯರು ಜೊತೆಗಿದ್ದರೆ ಆ ಎರಡು ಡಬ್ಬಿಗಳ ಸಹವಾಸವೇ ಬೇಡ.

ಒಂದು ವೇಳೆ ಹೊಟ್ಟೆ ಕೆಟ್ಟರೆ, ಜ್ವರ ಇದ್ದಾಗ ಅಥವಾ ಭೇದಿಯಲ್ಲಿ ರಕ್ತ ಕಂಡಾಗ ಭೇದಿ ನಿಲ್ಲಿಸುವ ಮಾತ್ರೆ ನುಂಗಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಆಂಟಿಬಯೋಟಿಕ್ ಕೂಡ ಸುಮ್ನೆ ನೀವೇ ಕೊಂಡು ತಿನ್ನಬೇಡಿ. ಆಂಬ್ಯುಲೆನ್ಸ್‌ಗೆ 115. ಆಸ್ಪತ್ರೆಯಲ್ಲಿ ದುಡ್ಡು ನಾವೇ ಮೊದಲು ಕಟ್ಟಬೇಕಾಯಿತು. ವಿಮೆಯವರು ಆಮೇಲೆ ಪ್ರತಿ ಖರ್ಚಿನ ಬಿಡಿ ಬಿಲ್ಲು, ಮೊಹರು ಹಾಕಿದ ಡಿಸ್ಚಾರ್ಜ್ ಕಾಗದ, ಅದರ ಇಂಗ್ಲಿಷ್ ಅನುವಾದ ಎಲ್ಲಾ ಕೇಳಿದರು. ಊರಿಗೆ ಬಂದ ಮೇಲೆ ಅವನ್ನು ತರಿಸುವುದು ದೊಡ್ಡ ಕಷ್ಟ, ಬಿಡುಗಡೆಗೆ ಮುಂಚೆಯೇ ಕೈಗೆ ತೆಗೆದುಕೊಳ್ಳಿ. ಓಆರ್‌ಎಸ್ ಪೊಟ್ಟಣ ಇಲ್ಲಿಂದಲೇ ಒಯ್ಯಿರಿ. ಮರೆತರೆ ಅಲ್ಲಿನ ಔಷಧಿ ಅಂಗಡಿಯಲ್ಲಿ ಓರೆಸೋಲ್ ಅಂದರೆ ಕೊಡುತ್ತಾರೆ. ಅಲ್ಲಿ 200 ಮಿಲಿ ನೀರಿಗೆ ಹಾಕುವ ಪೊಟ್ಟಣವೂ ಇದೆ, 1 ಲೀಟರಿಗೆ ಹಾಕುವುದೂ ಇದೆ. ಮೇಲೆ ಬರೆದಿರುವ ಅಳತೆ ನೋಡಿಯೇ ಕಲಸಿ.