ಪೈನ್ ಮರಕ್ಕೆ ಮೇಣ ತೆಗೆದ ಶೆಲ್ಯಾಕ್: ಸ್ಟೈನ್‌ಗೆ ಮುಂಚಿನ ಕೋಟ್ ಹೇಗಿದೆ?

ಪೈನ್ ಹಲಗೆಗೆ ಸೀದಾ ಸ್ಟೈನ್ (ಮರದೊಳಗೆ ಇಳಿಯುವ ಬಣ್ಣ) ಬಳಿದರೆ ಬಣ್ಣ ಕಲೆಕಲೆಯಾಗಿ ಕೂರುತ್ತದೆ. ಮೆದು ಭಾಗ ಹೀರಿಕೊಂಡು ಕಪ್ಪಾಗುತ್ತದೆ, ಗಟ್ಟಿ ಗೆರೆ ಬಿಳಚಿಕೊಂಡೇ ಉಳಿಯುತ್ತದೆ. ಕೊಯ್ದ ತುದಿಯಂತೂ ಇದ್ದಿಲಿನ ಬಣ್ಣಕ್ಕೆ ತಿರುಗುತ್ತದೆ. ಈ ತೊಂದರೆಗೆ ಶೆಲ್ಯಾಕ್ ಚಕ್ಕೆಯಷ್ಟು ಅಗ್ಗದ, ನಂಬಬಹುದಾದ ಮದ್ದು ಇನ್ನೊಂದಿಲ್ಲ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗೇ ಇದರ ಮೂಲ.

ಅಂಗಡಿಯಲ್ಲಿ ‘ಡೀವ್ಯಾಕ್ಸ್‌ಡ್’, ಅಂದರೆ ಮೇಣ ತೆಗೆದ ಚಕ್ಕೆ ಎಂದೇ ಕೇಳಿ. ಮೇಣ ಉಳಿದಿರುವ ಚಕ್ಕೆಯ ಮೇಲೆ ಕೊನೆಗೆ ಹೊಡೆಯುವ ಪಿಯು (ಪಾಲಿಯುರೆಥೇನ್ ವಾರ್ನಿಷ್) ಸರಿಯಾಗಿ ಹಿಡಿಯುವುದಿಲ್ಲ, ಆಮೇಲೆ ಹಾಳೆಯಾಗಿ ಏಳುತ್ತದೆ. ತಿಳಿ ಬಣ್ಣದ ಚಕ್ಕೆ ತಗೊಂಡರೆ ಮರದ ಬಣ್ಣ ಹೆಚ್ಚು ಕೆಡುವುದಿಲ್ಲ.

1 ಲೀಟರ್ ಮೆಥಿಲೇಟೆಡ್ ಸ್ಪಿರಿಟ್‌ಗೆ 100 ಗ್ರಾಂ ಚಕ್ಕೆ ಸಾಕು. ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಆಗಾಗ ಅಲ್ಲಾಡಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿ ಬೇಡ, ದ್ರಾವಣ ಕಪ್ಪಾಗುತ್ತದೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಅದರ ಆವಿಯೂ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು.

ಹಲಗೆಯನ್ನು 120, ಆಮೇಲೆ 180 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಎಳೆಯ ದಿಕ್ಕಿಗೇ ಉಜ್ಜಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಎಳೆಗಳು ಸೆಟೆದು ನಿಲ್ಲುತ್ತವೆ. ಅವನ್ನು 220ರಲ್ಲಿ ಹಗುರವಾಗಿ ತೆಗೆದುಬಿಡಿ. ನುಣುಪು ಹುಟ್ಟುವುದು ಇಲ್ಲಿಯೇ, ಅವಸರಪಡುವವರು ಬಿಟ್ಟುಬಿಡುವ ಹಂತವೂ ಇದೇ. ಈಗ ಶೆಲ್ಯಾಕನ್ನು ಒಂದೇ ಸಲಕ್ಕೆ ತೆಳುವಾಗಿ ಬಳಿಯಿರಿ. ತುದಿಗಳಿಗೆ ಎರಡು ಸಲ. ಒಂದೆರಡು ಗಂಟೆ ಬಿಟ್ಟು 320ರಲ್ಲಿ ಸವರಿ, ಧೂಳು ಒರೆಸಿ, ಸ್ಟೈನ್ ಹಚ್ಚಿ. ಎರಡು ಮೂರು ನಿಮಿಷದಲ್ಲೇ ಒರೆಸಿ ತೆಗೆಯಿರಿ. ಜೆಲ್ ಸ್ಟೈನ್ (ಮಂದವಾದ ಸ್ಟೈನ್) ಆದರೆ ಬಣ್ಣ ಇನ್ನೂ ಸಮವಾಗಿ ಬರುತ್ತದೆ. ಸ್ಪಿರಿಟ್‌ನಲ್ಲಿ ಕಲಸಿದ ಸ್ಟೈನ್ ಮಾತ್ರ ಬೇಡ, ಕೆಳಗಿನ ಕೋಟನ್ನೇ ಕರಗಿಸಿಬಿಡುತ್ತದೆ.

ಕೋಟ್ ದಪ್ಪವಾದರೆ ಮರ ಪೂರ್ತಿ ಮುಚ್ಚಿಹೋಗಿ ಬಣ್ಣ ಒಳಗಿಳಿಯುವುದೇ ಇಲ್ಲ. ಬಡಗಿಗಳು ಬಳಸುವ, ಮರದ ರಂಧ್ರ ಮುಚ್ಚುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಸ್ಯಾಂಡಿಂಗ್ ಸೀಲರ್‌ ಅನ್ನು ಸ್ಟೈನ್‌ಗೆ ಮುಂಚೆಯೇ ಗಟ್ಟಿಯಾಗಿ ಹೊಡೆದರೂ ಇದೇ ಗತಿ. ಅದರ ಜಾಗ ಸ್ಟೈನ್ ಒಣಗಿದ ಮೇಲೆ. ಅಲ್ಲಿ ಅದು ನಿಜಕ್ಕೂ ಚೆನ್ನಾಗಿ ರಂಧ್ರ ತುಂಬುತ್ತದೆ, ಬೇಗ ಉಜ್ಜಲು ಬರುತ್ತದೆ.

ಪೈನ್ ಗಂಟಿನಿಂದ ಒಸರುವ ರಾಳವನ್ನು ತಡೆಯುವುದರಲ್ಲೂ ಶೆಲ್ಯಾಕ್ ಗಟ್ಟಿಗ. ಗಂಟಿಗಷ್ಟೇ ಇನ್ನೊಂದು ಕೋಟ್ ಕೊಡಿ, ಅಲ್ಲಿ ಸ್ಟೈನ್ ತಿಳಿಯಾಗುತ್ತದೆ ಎಂಬುದು ನೆನಪಿರಲಿ.

ಕೊರತೆಗಳೂ ಇವೆ. ಮಳೆಗಾಲದ ತೇವದಲ್ಲಿ ಹಚ್ಚಿದರೆ ಬಿಳಿ ಮಬ್ಬು ಕೂರುತ್ತದೆ. ಬಿಸಿ ಪಾತ್ರೆ ತಾಳುವುದಿಲ್ಲ, ಹಾಗಾಗಿ ಊಟದ ಮೇಜಿಗೆ ಮೇಲಿನ ಕೋಟ್ ಪಿಯು ಆಗಿರಲೇಬೇಕು. ಕಲಸಿದ ದ್ರಾವಣ ಆರು ತಿಂಗಳು ದಾಟಿದ್ದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಮರುದಿನವೂ ಉಗುರಿಗೆ ಅಂಟಿದರೆ ಚೆಲ್ಲಿ ಹೊಸದು ಕಲಸಿ.