ನೈರೋಬಿಯಲ್ಲಿ ಒಂದೇ ಹೋಟೆಲು, 94 ರಾತ್ರಿ

ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ನಾನು ಪ್ಯಾಕಿಂಗ್ ಮೆಷಿನ್‌ಗಳ ಸರ್ವಿಸ್ ನೋಡಿಕೊಳ್ಳುತ್ತೇನೆ. ನಮ್ಮ ಕೆಲವು ಮೆಷಿನ್‌ಗಳು ಕೀನ್ಯಾದ ರಾಜಧಾನಿ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಓಡುತ್ತಿವೆ. ಹಾಗಾಗಿ 2022ರ ಕೊನೆಯಿಂದ ಐದು ಸಲ ಹೋಗಿ ಬಂದಿದ್ದೇನೆ. ಐದೂ ಸಲ ಅಲ್ಲಿನ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಒಂದೇ ಹೋಟೆಲಿನಲ್ಲಿ ಉಳಿದೆ. ಒಟ್ಟು 94 ರಾತ್ರಿ. ತಿಂಡಿ ಸೇರಿ ರಾತ್ರಿಗೆ 70 ಡಾಲರ್ ಆಸುಪಾಸು. ಕೆಲವು ದೂರುಗಳೂ ಇರುವುದರಿಂದ ಹೋಟೆಲಿನ ಹೆಸರು ಹಾಕುತ್ತಿಲ್ಲ. ಆ ದರದಲ್ಲಿ ರೂಮು ಹುಡುಕುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಊಟದ ವಿಷಯ. ನಾನು ಸಸ್ಯಾಹಾರಿ. ಮೊದಲ ಸಲ ಹೋಗುವಾಗ ಅರ್ಧ ಸೂಟ್‌ಕೇಸ್ ತುಂಬ ಅವಲಕ್ಕಿ, ಚಟ್ನಿಪುಡಿ, ರೆಡಿಮೇಡ್ ಉಪ್ಪಿಟ್ಟು ತುಂಬಿಕೊಂಡಿದ್ದೆ. ಎರಡನೇ ದಿನ ಬೆಳಗ್ಗೆ ತಿಂಡಿಯ ಸಾಲಿನ ಕೊನೆಯಲ್ಲಿ ಒಂದು ದೊಡ್ಡ ಫ್ಲಾಸ್ಕ್ ಕಂಡಿತು. ಮೇಲೆ 'ಉಜಿ' ಅಂತ ಚೀಟಿ. ಬಗ್ಗಿಸಿದರೆ ಕಂದು ಬಣ್ಣದ ಗಂಜಿ. ಒಂದು ಗುಟುಕು ಕುಡಿದೆ. ರಾಗಿ! ಸಕ್ಕರೆ ಹಾಕಿದ್ದರು, ಸ್ವಲ್ಪ ಹುಳಿಯೂ ಇತ್ತು, ಆದರೆ ರಾಗಿಯ ವಾಸನೆ ತಪ್ಪುವುದುಂಟಾ? ನಾನು ಶಿರಾ ಕಡೆಯವನು. ಹುಟ್ಟಿದಾಗಿನಿಂದ ಅದೇ ಗಂಜಿ ಕುಡಿದು ಬೆಳೆದವನು. ಸ್ವಾಹಿಲಿಯಲ್ಲಿ ರಾಗಿಗೆ ವಿಂಬಿ ಅನ್ನುತ್ತಾರೆ. ರಾಗಿ ಮೊದಲು ಬೆಳೆದದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಅಲ್ಲಿಂದ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂತು ಅಂತ ಓದಿದ್ದೆ. ಆವತ್ತು ಅದು ನಾಲಿಗೆಗೆ ಗೊತ್ತಾಯಿತು.

ಮಾರನೇ ದಿನ ಅಡುಗೆಯವರನ್ನು ಕೇಳಿ ಸಕ್ಕರೆ ಹಾಕದ ಉಜಿ ತರಿಸಿಕೊಂಡೆ. ಅಲ್ಲಿ 'ಮಾಲಾ' ಅಂತ ಹುಳಿ ಹಾಲು ಸಿಗುತ್ತದೆ. ನಮ್ಮ ಗಟ್ಟಿ ಮಜ್ಜಿಗೆ ಇದ್ದ ಹಾಗೆ. ಅದನ್ನು ಉಜಿಗೆ ಬೆರೆಸಿ, ಉಪ್ಪು ಹಾಕಿ, ಹಸಿ ಈರುಳ್ಳಿ ಹೆಚ್ಚಿಹಾಕಿದೆ. ಅಂಬಲಿ ಆಯಿತು. ಅಡುಗೆಯವರೂ ಒಂದು ಲೋಟ ಕುಡಿದು ನೋಡಿದರು. ಉಪ್ಪು ಹಾಕಿದ ಉಜಿ ಅವರಿಗೆ ಹೊಸದು. ಆದರೆ ಆಮೇಲೆ ನಾನು ಇದ್ದಷ್ಟು ದಿನ ಒಂದು ಲೋಟ ಸಪ್ಪೆ ಉಜಿ ನನಗಾಗಿ ತೆಗೆದಿಡುತ್ತಿದ್ದರು. ಕೇಳುವ ಅಗತ್ಯವೇ ಬರಲಿಲ್ಲ.

ರಾತ್ರಿ ಊಟಕ್ಕೆ ಮೆನು ಕಾರ್ಡ್ ನೋಡಬೇಡಿ. ಅದರಲ್ಲಿ ಸಸ್ಯಾಹಾರ ಅಂದರೆ ಪಾಸ್ತಾ, ಸ್ಯಾಂಡ್‌ವಿಚ್ ಅಷ್ಟೇ. ಹೋಟೆಲ್ ಸಿಬ್ಬಂದಿ ಏನು ತಿನ್ನುತ್ತಾರೋ ಅದನ್ನು ಕೇಳಿ. ಹೆಸರುಕಾಳಿನ ಗಟ್ಟಿ ಸಾರಿಗೆ ಅಲ್ಲಿ ನ್ಡೆಂಗು ಅನ್ನುತ್ತಾರೆ. ಚಪಾತಿ ಜೊತೆ ತುಂಬಾ ಚೆನ್ನಾಗಿರುತ್ತದೆ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು. ಮೆಕ್ಕೆಜೋಳ, ಹುರುಳಿಕಾಯಿ ಬೀಜ ಬೇಯಿಸಿದ ಗಿಥೇರಿ ಇದೆ. ಸುಕುಮಾ ವಿಕಿ ಅಂತ ಸೊಪ್ಪಿನ ಪಲ್ಯ ಇದೆ. ಬಿಳಿ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನೋಡಿದರೆ ಮುದ್ದೆಯ ತಮ್ಮ ಅನ್ನಬೇಕು. ಮಾಂಸದ ಸಾರು ಬೆರೆಸಿದ್ದಾರಾ ಅಂತ ಮಾತ್ರ ಪ್ರತಿ ಸಲ ಕೇಳಿ. ಚಹಾ ಬೇಕಾದರೆ 'ಆಫ್ರಿಕನ್ ಟೀ' ಅನ್ನಿ. ಹಾಲು ಹಾಕಿ ಕುದಿಸಿದ ಚಹಾ ಬರುತ್ತದೆ. ಸುಮ್ನೆ ಟೀ ಅಂದರೆ ಬಿಸಿನೀರು, ಟೀ ಪೊಟ್ಟಣ ತಂದಿಡುತ್ತಾರೆ.

ಬೇಸರವಾದರೆ ಪಕ್ಕದಲ್ಲೇ ಪಾರ್ಕ್‌ಲ್ಯಾಂಡ್ಸ್ ಇದೆ. ಗುಜರಾತಿ ಕುಟುಂಬಗಳು ತಲೆಮಾರುಗಳಿಂದ ಇರುವ ಜಾಗ. ಡೈಮಂಡ್ ಪ್ಲಾಜಾದಲ್ಲಿ ದೋಸೆ, ಚಾಟ್ ಎಲ್ಲ ಸಿಗುತ್ತದೆ. ಕೆಲಸದ ಜಾಗ ದೂರವಾದರೂ ನಾನು ವೆಸ್ಟ್‌ಲ್ಯಾಂಡ್ಸ್ ಬಿಡದಿರುವುದಕ್ಕೆ ಅದೂ ಒಂದು ಕಾರಣ.

ರೂಮು ಸಾಧಾರಣ. ಮಂಚ ಚೆನ್ನಾಗಿದೆ, ಮೇಜು ದೊಡ್ಡದು. ಎಸಿ ಇಲ್ಲ, ಬೇಕಾಗಲೂ ಇಲ್ಲ. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಸಮಭಾಜಕದ ಹತ್ತಿರದ ಊರು, ಸೆಖೆ ಇರುತ್ತದೆ ಅಂದುಕೊಂಡು ಜುಲೈನಲ್ಲಿ ಸ್ವೆಟರ್ ಇಲ್ಲದೆ ಹೋದರೆ ನಡುಗಬೇಕಾಗುತ್ತದೆ. ಪ್ಲಗ್ ಚೌಕ ಕಡ್ಡಿಯ ಮೂರು ಪಿನ್ನಿನದು, ಅಡಾಪ್ಟರ್ ಬೇಕು. ಕರೆಂಟ್ ಆಗಾಗ ಹೋಗುತ್ತದೆ, ಜನರೇಟರ್ ತಕ್ಷಣ ಹತ್ತಿಕೊಳ್ಳುತ್ತದೆ. ಬುಕ್ ಮಾಡುವ ಮೊದಲು ಜನರೇಟರ್ ಪೂರ್ತಿ ಕಟ್ಟಡಕ್ಕಾ, ಬರೀ ಲಾಬಿಗಾ ಅಂತ ಕೇಳಿಕೊಳ್ಳಿ. ವೈಫೈ ವಿಡಿಯೋ ಕಾಲ್‌ಗೆ ಸಾಕಾಗುತ್ತದೆ. ನಮ್ಮ ಸಮಯ ಎರಡೂವರೆ ಗಂಟೆ ಮಾತ್ರ ಮುಂದೆ ಇರುವುದರಿಂದ, ಕೆಲಸ ಮುಗಿಸಿ ಬಂದು ಮಕ್ಕಳು ಮಲಗುವ ಮೊದಲೇ ಮಾತಾಡಬಹುದು.

ಈಗ ದೂರುಗಳು. ಶುಕ್ರವಾರ, ಶನಿವಾರ ರಾತ್ರಿ ವೆಸ್ಟ್‌ಲ್ಯಾಂಡ್ಸ್ ಮಲಗುವುದೇ ಇಲ್ಲ. ಕ್ಲಬ್‌ಗಳ ಸದ್ದು ಬೆಳಗಿನ ಜಾವದವರೆಗೆ. ಮೊದಲ ಸಲ ರಸ್ತೆ ಕಡೆಯ ರೂಮು ಕೊಟ್ಟು, ಬೇರೆ ಖಾಲಿ ಇಲ್ಲ ಅಂದರು. ಮೂರು ವಾರಾಂತ್ಯ ನಿದ್ದೆಗೆಟ್ಟೆ. ಅಂಗಳದ ಕಡೆಯ ರೂಮನ್ನು ಮೊದಲೇ ಬರೆದು ಕೇಳಿ. ಇನ್ನೊಂದು, ಬೆಳಗ್ಗೆ ಆರೂವರೆ ಆದಮೇಲೆ ಬಿಸಿನೀರು ಉಗುರುಬೆಚ್ಚಗೆ ಬರುತ್ತದೆ. ಐದೂ ಸಲ ಹೇಳಿದ್ದೇನೆ, ಸರಿಯಾಗಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಬಿಲ್ಲಿನ ವಿಷಯದಲ್ಲಿ. ಬುಕ್ ಆದದ್ದು ಡಾಲರಿನಲ್ಲಿ. ಮೂರನೇ ಸಲ ಖಾಲಿ ಮಾಡುವಾಗ ಕೌಂಟರಿನವರು ತಮ್ಮದೇ ದರ ಹಿಡಿದು ಅಲ್ಲಿನ ಹಣ ಶಿಲ್ಲಿಂಗ್‌ಗೆ ಬದಲಾಯಿಸಿದರು. ಬ್ಯಾಂಕಿನ ದರಕ್ಕಿಂತ ಜಾಸ್ತಿ. ಅದರ ಮೇಲೆ 16% ವ್ಯಾಟ್, 2% ಪ್ರವಾಸೋದ್ಯಮ ಲೆವಿ ಬೇರೆ ಸೇರಿಸಿದ್ದರು. ಬುಕಿಂಗಿನಲ್ಲಿ ಎಲ್ಲ ಸೇರಿ ಅಂತ ಇತ್ತು. ವಿಮಾನಕ್ಕೆ ಹೊತ್ತಾಗಿತ್ತು, ಕಟ್ಟಿಬಿಟ್ಟೆ. ಆಮೇಲೆ ಮೇಲ್ ಬರೆದು ತೆರಿಗೆಯ ಹಣ ವಾಪಸ್ ಪಡೆದೆ, ದರದ ವ್ಯತ್ಯಾಸ ಬರಲಿಲ್ಲ. ಅಂದಿನಿಂದ ಹೋದ ದಿನವೇ ಒಟ್ಟು ಮೊತ್ತ ಶಿಲ್ಲಿಂಗ್‌ನಲ್ಲಿ ಬರೆಸಿಕೊಳ್ಳುತ್ತೇನೆ, ಮೊಬೈಲ್‌ನಿಂದಲೇ ಹಣ ಕಟ್ಟುವ ಎಂ-ಪೆಸಾದಲ್ಲಿ ಕಟ್ಟುತ್ತೇನೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೊಂಡರೆ ಎಂ-ಪೆಸಾ ನಮಗೂ ಸಿಗುತ್ತದೆ. 2007ರಿಂದ ಇರುವ ವ್ಯವಸ್ಥೆ. ಬೀದಿ ಬದಿಯ ಬಾಳೆಹಣ್ಣಿನವರೂ ಅದರಲ್ಲೇ ಹಣ ತಗೊಳ್ಳುತ್ತಾರೆ.

ಗೇಟಿನಲ್ಲಿ ಕಾರಿನ ಡಿಕ್ಕಿ ತೆಗೆಸಿ, ಕೆಳಗೆ ಕನ್ನಡಿ ಹಿಡಿದು ನೋಡುತ್ತಾರೆ. ಬ್ಯಾಗು ಸ್ಕ್ಯಾನ್ ಆಗಬೇಕು. 2013ರಲ್ಲಿ ಉಗ್ರರ ದಾಳಿ ನಡೆದ ವೆಸ್ಟ್‌ಗೇಟ್ ಮಾಲ್ ಇರುವುದು ಇದೇ ಬಡಾವಣೆಯಲ್ಲಿ. ಪ್ರತಿ ಸಲ ತಾಳ್ಮೆಯಿಂದ ನಿಂತುಕೊಳ್ಳಿ. ಏರ್‌ಪೋರ್ಟಿನಿಂದ ಬರುವಾಗ ಡ್ರೈವರ್‌ಗೆ ಎಕ್ಸ್‌ಪ್ರೆಸ್‌ವೇ ಮೇಲೆ ಹೋಗಲು ಹೇಳಿ. 2022ರಲ್ಲಿ ಶುರುವಾದದ್ದು, ಟೋಲ್ ಇದೆ. ಕೆಳಗಿನ ಮೊಂಬಾಸಾ ರಸ್ತೆಯಲ್ಲಿ ಸಂಜೆ ಸಿಕ್ಕಿಕೊಂಡರೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಇಟಿಎ (ಪ್ರಯಾಣದ ಅನುಮತಿ) ಮಾಡಿಸಿ, 2024ರ ಜನವರಿಯಿಂದ ವೀಸಾ ಬದಲು ಅದೇ. ಹಳದಿ ಜ್ವರದ ಲಸಿಕೆ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಿ. ವಾಪಸ್ ಬಂದಾಗ ನಮ್ಮ ಏರ್‌ಪೋರ್ಟಿನಲ್ಲಿ ಆ ಕಾರ್ಡ್ ಕೇಳುತ್ತಾರೆ.

ಇಷ್ಟು ದೂರಿದ್ದರೂ ಯಾಕೆ ಅಲ್ಲೇ ಹೋಗುತ್ತೇನೆ? ನಾಲ್ಕನೇ ಸಲ ನನಗೆ ಜ್ವರ ಬಂತು. ಎರಡು ದಿನ ರೂಮಿನಿಂದ ಹೊರಗೆ ಬರಲಿಲ್ಲ. ರೂಮು ಗುಡಿಸುವ ಅಮ್ಮ ಬಾಗಿಲಲ್ಲಿ ನನ್ನ ಮುಖ ನೋಡಿ 'ಪೋಲೆ, ಪೋಲೆ ಸಾನಾ' ಅಂದರು. ನಾವು 'ಅಯ್ಯೋ ಪಾಪ' ಅಂತ ಮನಸಾರೆ ಅನ್ನುತ್ತೇವಲ್ಲ, ಹಾಗೆ. ಸ್ವಲ್ಪ ಹೊತ್ತಿಗೆ ಶುಂಠಿ, ನಿಂಬೆ, ಜೇನು ಹಾಕಿದ ಬಿಸಿನೀರು ತಂದರು. ಅದರ ಹೆಸರು ದಾವಾ. ಅಂದರೆ ಔಷಧಿ. ನಮ್ಮ ದವಾಖಾನೆಯಲ್ಲಿರುವ ಮಾತೂ ಅದೇ. ಬಿಲ್ಲಿನಲ್ಲಿ ಅದಕ್ಕೆ ಹಣ ಹಾಕಿರಲಿಲ್ಲ. ಸಂಜೆ ಅಡುಗೆಯವರು ಸಪ್ಪೆ ಉಜಿ ಕಳಿಸಿದರು, ಪಕ್ಕದಲ್ಲಿ ಒಂದು ಬಟ್ಟಲು ಮಾಲಾ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ.

ಮುಂದಿನ ಸಲಕ್ಕೂ ಅಲ್ಲೇ ಬುಕ್ ಮಾಡಿದ್ದೇನೆ, ಅಂಗಳದ ಕಡೆಯ ರೂಮು. ಅಡುಗೆಯವರಿಗೆ ಮುದ್ದೆ ಮಾಡಿ ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಹಿಟ್ಟು ಅಲ್ಲೇ ಸಿಗುತ್ತದೆ. ಮುದ್ದೆ ಕೋಲು ಮಾತ್ರ ಊರಿನಿಂದ ತಗೊಂಡು ಹೋಗಬೇಕು.