ಮೆದುಳು ವಿಜ್ಞಾನದ ಕಾರ್ಯಾಗಾರ: ಮೊದಲ ದಿನವೇ ಸಾಕಿತ್ತು

ಕಲಬುರಗಿಯಲ್ಲಿ ಖಾಸಗಿ ತರಬೇತಿ ಸಂಸ್ಥೆಯೊಂದು ಪ್ರೌಢಶಾಲಾ ಶಿಕ್ಷಕರಿಗಾಗಿ ಮೆದುಳು ಮತ್ತು ಕಲಿಕೆಯ ಬಗ್ಗೆ ಏರ್ಪಡಿಸಿದ್ದ ಎರಡು ದಿನಗಳ ಕಾರ್ಯಾಗಾರಕ್ಕೆ ಊಟವೂ ಸೇರಿ 1,200 ರೂಪಾಯಿ ಶುಲ್ಕವಿತ್ತು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಕೊನೆಯ ಸ್ಥಾನಕ್ಕಿಳಿದ ಜಿಲ್ಲೆಯಲ್ಲಿ ಶಿಕ್ಷಕರು ಕೈಯಿಂದ ಹಣ ಹಾಕಿ ಇಂಥದ್ದಕ್ಕೆ ಬರುವುದು ಸಹಜವೇ.

ಮೊದಲ ದಿನ ಆ ಹಣಕ್ಕೆ ಮೋಸವಾಗಲಿಲ್ಲ. ತರಬೇತುದಾರರು ಭಾಷಣಕ್ಕೆ ತೊಡಗದೆ, ಬಹಮನಿ ಸುಲ್ತಾನರ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದ ಪ್ರಸಂಗದ ಅರ್ಧ ಪುಟವನ್ನು ಹಂಚಿ, ಒಂದು ಗುಂಪಿಗೆ ಅದನ್ನೇ ಮತ್ತೆ ಮತ್ತೆ ಓದಲು, ಇನ್ನೊಂದಕ್ಕೆ ಹಾಳೆಯನ್ನು ಮಗುಚಿಟ್ಟು ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಕೂಡಲೇ ಪ್ರಶ್ನೆ ಕೇಳಿದಾಗ ಓದಿದವರದೇ ಮೇಲುಗೈ. ಮರುದಿನ ಬೆಳಿಗ್ಗೆ ಅವೇ ಪ್ರಶ್ನೆಗಳಿಗೆ ಅವರು ತಡವರಿಸುತ್ತಿದ್ದರೆ ಬರೆದವರು ಸಲೀಸಾಗಿ ಉತ್ತರಿಸಿದರು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೂ ಇದೇ: ಐದು ನಿಮಿಷದ ನಂತರ ಮರುಓದು ಗೆದ್ದಿತು, ವಾರ ಕಳೆದ ಮೇಲೆ ನೆನಪಿಸಿಕೊಂಡು ಬರೆದದ್ದು ಗೆದ್ದಿತು. ಪರೀಕ್ಷೆ ಹತ್ತಿರ ಬಂದಾಗ ಇಡೀ ತರಗತಿಗೆ ಗಟ್ಟಿಯಾಗಿ ಓದಿಸುವ ನಮ್ಮ ಪದ್ಧತಿಗೆ ಇದು ಬಲವಾದ ಪೆಟ್ಟು. ಮರೆವಿನ ವೇಗವನ್ನು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ಅಳೆದಿದ್ದನ್ನು ವಿವರಿಸಿ, ಹಳೆಯ ಪಾಠದ ಎರಡು ಪ್ರಶ್ನೆಗಳನ್ನು ದಿನಗಳ ಅಂತರ ಬಿಟ್ಟು ಮತ್ತೆ ಕೇಳುವ ಕ್ರಮವನ್ನೂ ಅವರು ಮಾಡಿ ತೋರಿಸಿದರು. ಇದಕ್ಕೆ ಸ್ಮಾರ್ಟ್ ಬೋರ್ಡೂ ಬೇಡ, ಹೆಚ್ಚಿನ ಅವಧಿಯೂ ಬೇಡ.

ಎರಡನೆಯ ದಿನ ಎಲ್ಲವೂ ಹಳಿ ತಪ್ಪಿತು. ಪ್ರಶ್ನಾವಳಿ ತುಂಬಿಸಿ ನಮ್ಮನ್ನು ಎಡ ಮೆದುಳಿನವರು, ಬಲ ಮೆದುಳಿನವರು ಎಂದು ವಿಂಗಡಿಸಿದರು. ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಬೇರ್ಪಡಿಸಿ ಪಾಠ ಮಾಡಬೇಕೆಂದರು. ಹೀಗೆ ಶೈಲಿಗೆ ತಕ್ಕ ಪಾಠ ಮಾಡಿದರೆ ಕಲಿಕೆ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಮನೋವಿಜ್ಞಾನಿ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಅಧ್ಯಯನಗಳನ್ನು ಪರಿಶೀಲಿಸಿ ಬರೆದಿದ್ದಾರೆ. ಹಿಂದಿನ ದಿನ ಪ್ರಯೋಗ ಮಾಡಿ ತೋರಿಸಿದವರೇ ಇಂದು ಪುರಾವೆ ಕೇಳಿದರೆ ‘ಅನುಭವದ ಮಾತು, ಸರ್’ ಎಂದು ನಕ್ಕು ಮುಂದಿನ ಸ್ಲೈಡಿಗೆ ಹೋದರು. (ಊಟದ ರೊಟ್ಟಿ, ಶೇಂಗಾ ಹಿಂಡಿಯ ಬಗ್ಗೆ ಮಾತ್ರ ಎರಡೂ ದಿನ ತಕರಾರಿಲ್ಲ.)

ನನಗೆ ದೊಡ್ಡ ಕೊರತೆಯೆನಿಸಿದ್ದು ಭಾಷೆಯ ವಿಚಾರ. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಸಂಗತಿಗಳು ಬೆರಳೆಣಿಕೆಯಷ್ಟೇ ಎಂದು ಅವರೇ ಹೇಳಿದರು. ಹಾಗಿದ್ದ ಮೇಲೆ ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಅಥವಾ ತೆಲುಗು ಆಡಿ ಬಂದ ಮಗು ‘ದ್ಯುತಿಸಂಶ್ಲೇಷಣೆ’ಯಂಥ ಪದವನ್ನೂ ಅದರ ಅರ್ಥವನ್ನೂ ಒಟ್ಟಿಗೆ ಹೊರಬೇಕಾದಾಗ ಶಿಕ್ಷಕರು ಏನು ಮಾಡಬೇಕೆಂಬುದನ್ನು ನಮ್ಮ ಈ ಪ್ರದೇಶದಲ್ಲಿ ಮೊದಲು ಹೇಳಬೇಕಿತ್ತು. ಅದಕ್ಕೆ ಸಮಯ ಸಿಗಲಿಲ್ಲ. ಕಲಿಕಾ ಶೈಲಿ ಪರೀಕ್ಷೆಯ ಕಿಟ್ ಮಾರಲು ಸಿಕ್ಕಿತು. ಹೋಗುವವರು ಮೊದಲ ದಿನಕ್ಕಷ್ಟೇ ಹೆಸರು ನೋಂದಾಯಿಸಲು ಅವಕಾಶವಿದೆಯೇ ಎಂದು ಕೇಳಿ ನೋಡಲಿ.